ಆ ಸೆನ್ಸಾರ್ ಅಲ್ಲ ಸ್ವಾಮಿ, ಈ ಸೆನ್ಸರ್!

ಗಾಂಧಿನಗರದಲ್ಲಿ ಓಡಾಡುವವರಿಗೆ ಸೆನ್ಸಾರ್ ಅಂದರೆ ಒಂದೇ ಅರ್ಥ. ಕತ್ತರಿ! ಫೈಟು ಜಾಸ್ತಿಯಾಯಿತು, ಡೈಲಾಗು ಖಾರವಾಯಿತು ಅಂತ ಹೇಳಿ ಎ ಸರ್ಟಿಫಿಕೇಟು ಒತ್ತುವ ಮಂಡಳಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶೂಟಿಂಗ್ ಯೂನಿಟ್‌ಗಳಿಗೆ ಬಾಡಿಗೆ ಕಾರು ಓಡಿಸಿದ ನನಗೂ ಅಷ್ಟೇ ಗೊತ್ತಿತ್ತು. ಹಾಗಾಗಿ 2017ರ ಮಾರ್ಚ್ ತಿಂಗಳಲ್ಲಿ ಗ್ಯಾರೇಜಿನ ಮೇಸ್ತ್ರಿ "ನಿಮ್ಮ ಗಾಡಿಗೆ ಸೆನ್ಸರ್ ಪ್ರಾಬ್ಲಮ್ಮು" ಅಂದಾಗ ನಕ್ಕುಬಿಟ್ಟೆ. "ನನ್ನ ಗಾಡಿಯಲ್ಲಿ ಕತ್ತರಿಸೋ ಅಂಥ ಸೀನು ಯಾವುದಿದೆ ಮೇಸ್ತ್ರಿ?" ಅಂದೆ.

ಆ ನಗು ಬಹಳ ದಿನ ಉಳಿಯಲಿಲ್ಲ ಮಿತ್ರರೇ. ಹೆಬ್ಬೆರಳಿನ ಗಾತ್ರದ ಆ ಸಾಮಾನಿನ ಹೆಸರಿನಲ್ಲಿ ಹಣ ಕಳೆದುಕೊಂಡೆ, ಕೆಲಸ ಕಳೆದುಕೊಂಡೆ, ಕೊನೆಗೆ ಒಬ್ಬ ಬಡ ಹುಡುಗನ ಮೇಲೆ ಕಳ್ಳತನದ ಮಾತು ಹೊರಿಸಿದೆ. ತೆರೆಯ ಮೇಲೆ ನಿರಪರಾಧಿಗೆ ಏಟು ಬಿದ್ದರೆ ಶಿಳ್ಳೆ ನಿಲ್ಲಿಸಿ ಹಲ್ಲು ಕಡಿಯುತ್ತಿದ್ದವನು ನಾನು. ನಿಜಜೀವನದಲ್ಲಿ ಆ ಏಟು ಕೊಟ್ಟವನೂ ನಾನೇ. ಅದನ್ನೇ ನಿಮ್ಮ ಮುಂದೆ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ.

ಸೂಜಿ ಬಿತ್ತು

ನನ್ನದು 2013ರ ಮಾಡೆಲ್ ಪೆಟ್ರೋಲ್ ಕಾರು. ಕಂಪನಿಯ ಹೆಸರು ಬೇಡ. ಈ ಕಥೆಯಲ್ಲಿ ತಪ್ಪು ಕಂಪನಿಯದಲ್ಲ. 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆಯವಳ ಎರಡು ಬಳೆ ಅಡವಿಗೆ ಹೋದವು, ಉಳಿದದ್ದು ಸಾಲ. ತಿಂಗಳ ಕಂತು 8,400 ರೂಪಾಯಿ. ಔಟ್‌ಡೋರ್ ಸಿಕ್ಕರೆ ಕಂತೂ ಕಟ್ಟಿ ಮನೆಗೂ ಉಳಿಯುತ್ತಿತ್ತು. ಸಿಗದಿದ್ದರೆ ಎರಡಕ್ಕೂ ಕಷ್ಟ.

ಮಂಗಳೂರು ಕಡೆ ಹಾಡಿನ ಶೂಟಿಂಗ್ ಮುಗಿಸಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಸಹನಿರ್ದೇಶಕರು, ಮೇಕಪ್‌ನವರು, ಅವರ ಪೆಟ್ಟಿಗೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುತ್ತಿದ್ದೇವೆ. ಎರಡನೇ ಗೇರು, ಗಾಡಿ ಉಸಿರು ಬಿಗಿಹಿಡಿದು ಎಳೀತಿದೆ. ಇದ್ದಕ್ಕಿದ್ದಂತೆ ಎಂಜಿನ್ ಸುತ್ತು ತೋರಿಸುವ ಮೀಟರಿನ ಸೂಜಿ ಠಪ್ಪನೆ ಸೊನ್ನೆಗೆ ಬಿತ್ತು. ಗಾಡಿ ಇನ್ನೂ ಉರುಳುತ್ತಿದೆ, ಚಕ್ರ ತಿರುಗುತ್ತಿದೆ, ಆದರೆ ಎಂಜಿನ್‌ಗೆ ಜೀವ ಇಲ್ಲ! ಸ್ಟೇರಿಂಗ್ ಕಲ್ಲಾಯಿತು. ಎರಡು ಸಲ ತುಳಿದ ಮೇಲೆ ಬ್ರೇಕೂ ಗಟ್ಟಿಯಾಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆಯೇ ಗ್ಯಾಸ್ ಟ್ಯಾಂಕರು.

ಹೇಗೋ ಪಕ್ಕಕ್ಕೆ ತಂದೆ. ಚಕ್ರಕ್ಕೆ ಕಲ್ಲು ಕೊಟ್ಟೆವು. ಮೇಕಪ್‌ನವರ ಮುಖಕ್ಕೇ ಆವತ್ತು ಯಾರೋ ಸುಣ್ಣ ಬಳಿದ ಹಾಗಿತ್ತು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಸಕಲೇಶಪುರದವರೆಗೂ ಯಾರೂ ಮಾತಾಡಲಿಲ್ಲ.

ಬೆಂಗಳೂರಿನ ಗ್ಯಾರೇಜಿನಲ್ಲಿ ಮೇಸ್ತ್ರಿ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರು. ಪರದೆ ಮೇಲೆ ಪಿ 0335 ಅಂತ ಬಂತು. "ಕ್ರ್ಯಾಂಕ್ ಸೆನ್ಸರ್ ಹೋಗಿದೆ ಸಾರ್" ಅಂತ ತೀರ್ಪು ಕೊಟ್ಟರು.

ಈ ಕ್ರ್ಯಾಂಕ್ ಸೆನ್ಸರ್ ಅಂದರೆ ಏನು ಅಂತ ನಾನು ಆಮೇಲೆ ಕಲಿತದ್ದನ್ನು ಈಗಲೇ ಹೇಳಿಬಿಡ್ತೀನಿ. ಎಂಜಿನ್ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತೆ. ನನ್ನ ಗಾಡಿಯಲ್ಲಿ 60 ಹಲ್ಲಿನ ಜಾಗದಲ್ಲಿ 58 ಹಲ್ಲು; ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅದರ ಪಕ್ಕದಲ್ಲಿ ಈ ಸೆನ್ಸರ್ ಕೂತಿರುತ್ತೆ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ, ಅಷ್ಟೇ. ಒಂದೊಂದು ಹಲ್ಲು ಹಾದಾಗಲೂ ಒಂದೊಂದು ಸಣ್ಣ ಕರೆಂಟಿನ ಮಿಡಿತ. ಖಾಲಿ ಜಾಗ ಬಂದಾಗ ಕಂಪ್ಯೂಟರಿಗೆ ಪಿಸ್ಟನ್ ಎಲ್ಲಿದೆ ಅಂತ ಲೆಕ್ಕ ಸಿಗುತ್ತೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು ಓಡುತ್ತೆ ಅಂತ ನಿಮಗೆ ಗೊತ್ತಲ್ಲ, ಇಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 2900 ಹಲ್ಲು! ಆ ಲೆಕ್ಕ ನಿಂತಿತೋ, ಪೆಟ್ರೋಲೂ ಬಂದ್, ಕಿಡಿಯೂ ಬಂದ್. ಸೂಜಿ ಸೊನ್ನೆಗೆ ಬಿದ್ದದ್ದು ಅದಕ್ಕೇ.

ಸೆನ್ಸರ್ ಬದಲಾಯಿತು. 1,800 ರೂಪಾಯಿ. ಗಾಡಿ ಕುದುರೆಯಂತೆ ಓಡಿತು... ಮೂರು ವಾರ.

ಹುಡುಗ ಹೇಳಿದ ಮಾತು

ಮೂರು ವಾರ ಕಳೆದ ಮೇಲೆ ಅದೇ ಶಿರಾಡಿ, ಅದೇ ಏರು, ಅದೇ ಸೊನ್ನೆ. "ಇದು ಲೋಕಲ್ ಮಾಲು, ಬಿಸಿ ತಡೆಯಲ್ಲ" ಅಂದರು ಮೇಸ್ತ್ರಿ. ನಾನೇ ಜೆ.ಸಿ. ರಸ್ತೆಗೆ ಹೋಗಿ ಒರಿಜಿನಲ್ ತಂದೆ. 3,400 ರೂಪಾಯಿ. ಮೇಸ್ತ್ರಿ ಬೇರೆ ಗಾಡಿಯ ಕೆಳಗಿದ್ದರು. ಡಬ್ಬಿಯನ್ನು ಗ್ಯಾರೇಜಿನ ಹುಡುಗನ ಕೈಗೆ ಕೊಟ್ಟು ಟೀ ಕುಡಿಯಲು ಹೋದೆ.

ಆ ಹುಡುಗ ಗದಗದ ಕಡೆಯವನು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಮಾತು ಕಡಿಮೆ. ಗ್ಯಾರೇಜಿನಲ್ಲೇ ಮಲಗುತ್ತಿದ್ದ. ಗೋಡೆಗೆ ಶಂಕರ್‌ನಾಗ್ ಫೋಟೋ ಅಂಟಿಸಿಕೊಂಡಿದ್ದ. ನನ್ನ ಗಾಡಿ ಬಂದರೆ "ಅಣ್ಣಾರ, ಯಾವ ಹೀರೋನ ಕೂರಿಸ್ಕೊಂಡ್ ಬಂದ್ರಿ?" ಅಂತ ಕೇಳುವುದೊಂದೇ ಅವನ ಸಿನಿಮಾ ಹುಚ್ಚು.

ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಬೆಳಗಿನ ಜಾವ, ನಂದಿ ಬೆಟ್ಟ. ಮಂಜಿನಲ್ಲಿ ಶಾಟ್ ತೆಗೆಯಬೇಕು, ಸೂರ್ಯ ಹುಟ್ಟುವ ಮುಂಚೆ ಎಲ್ಲರೂ ಮೇಲಿರಬೇಕು. ಮೇಲಿನ ತಿರುವಿನಲ್ಲಿ ಮತ್ತೆ ಸೂಜಿ ಬಿತ್ತು! ಹಿಂದೆ ಯೂನಿಟ್ಟಿನ ಅಷ್ಟೂ ಗಾಡಿ ಸಾಲು ನಿಂತಿತು. ಆವತ್ತು ಮಂಜಿನ ಶಾಟ್ ಆಗಲೇ ಇಲ್ಲ. ಪ್ರೊಡಕ್ಷನ್ ಮ್ಯಾನೇಜರು ಜನರ ಮುಂದೆಯೇ, "ಏನ್ರೀ ಇದು, ಗಾಡಿಯೋ ಗುಜರಿಯೋ? ನಾಳೆಯಿಂದ ಬರಬೇಡಿ" ಅಂದರು. 32 ದಿನದ ಔಟ್‌ಡೋರ್ ಕೆಲಸ ಒಂದೇ ಮಾತಿಗೆ ಹೋಯಿತು.

ತಲೆ ಕೆಟ್ಟು ನೇರ ಗ್ಯಾರೇಜಿಗೆ ಹೋದೆ. ಮನಸ್ಸಿನಲ್ಲಿ ಆಗಲೇ ಕಥೆ, ಚಿತ್ರಕಥೆ ಎರಡೂ ಸಿದ್ಧವಾಗಿತ್ತು. ಒರಿಜಿನಲ್ ಹಾಕಿದ್ದರೆ ಗಾಡಿ ಯಾಕೆ ನಿಲ್ಲಬೇಕು? ಅಂದಮೇಲೆ ಹಾಕಿಲ್ಲ. ಹುಡುಗ ಅದನ್ನು ಮಾರಿಕೊಂಡು ಯಾವುದೋ ಹಳೇದು ತುರುಕಿದ್ದಾನೆ!

"ಎಲ್ಲೋ ನನ್ನ ಸೆನ್ಸರ್?" ಅಂತ ಕೊರಳಪಟ್ಟಿ ಹಿಡಿದೆ.

"ಗಾಡಿಯಾಗ ಐತ್ರಿ ಅಣ್ಣಾರ. ನಾ ಕದ್ದಿಲ್ರಿ."

"ಸುಳ್ಳು ಬೊಗಳಬೇಡ!"

ಸುತ್ತ ಜನ ಸೇರಿದರು. ಮೇಸ್ತ್ರಿಗೆ ಗ್ಯಾರೇಜಿನ ಹೆಸರಿನ ಚಿಂತೆ. ಹುಡುಗನ ಸಂಬಳದಲ್ಲಿ 3,400 ಮುರಿದು ನನ್ನ ಕೈಗಿಟ್ಟು, ಅವನಿಗೆ "ನೀನು ಹೊರಡಪ್ಪ" ಅಂದುಬಿಟ್ಟರು. ಅವನು ಅಳಲಿಲ್ಲ, ಜಗಳ ಆಡಲಿಲ್ಲ. ಗೋಡೆಯ ಫೋಟೋ ನಿಧಾನಕ್ಕೆ ಬಿಡಿಸಿಕೊಂಡು ಚೀಲಕ್ಕೆ ಹಾಕಿದ. ಹೊರಡುವಾಗ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದ.

"ಅಣ್ಣಾರ, ಬೆಳಿಗ್ಗೆ ಚಳಿಯಾಗ ನಿಂತೈತಿ. ಮಟಮಟ ಮಧ್ಯಾಹ್ನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಾಗ ಒಮ್ಮೆರ ನಿಂತೈತೇನ್ರಿ? ಏರು ಹತ್ತೂ ಮುಂದ ಅಷ್ಟ ನಿಲ್ತೈತಿ. ಇದು ಬಿಸಿ ಅಲ್ರೀ. ಸೆನ್ಸರೂ ಅಲ್ರೀ. ವಾಯರ್ ನೋಡ್ಸ್ರಿ."

ಕಳ್ಳನ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಡುಗನ ಸಂಬಳದ ದುಡ್ಡಿನಲ್ಲಿ ಮೂರನೇ ಸೆನ್ಸರ್ ಬಂತು. ಈ ಸಲ ಮೇಸ್ತ್ರಿ ಸ್ವತಃ ಹಾಕಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಒಂಬತ್ತು ದಿನ. ಹತ್ತನೇ ದಿನ ಬಾಡಿಗೆ ಮೇಲೆ ಮತ್ತೆ ನಂದಿ ಬೆಟ್ಟ. ಮತ್ತೆ ಸೊನ್ನೆ!

ಹುಡುಗ ಕಳ್ಳನಲ್ಲ ಅಂತ ಆ ತಿರುವಿನಲ್ಲೇ ನನಗೆ ಗೊತ್ತಾಗಿಹೋಯಿತು. ಗೊತ್ತಾಗಿಯೂ ಹುಡುಕಿಕೊಂಡು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ಮೇಸ್ತ್ರಿ ಈಗ "ಕಂಪ್ಯೂಟರೇ ಹೋಗಿರಬೇಕು, 28,000 ಆಗುತ್ತೆ" ಅಂದರು. ಮನೆಯಲ್ಲಿ ಇವಳು, "ರೀ, ಗಾಡಿ ಮಾರಿಬಿಡಿ. ಬಳೆ ಹೋದರೆ ಹೋಗಲಿ, ನೀವು ಘಾಟಿಯಲ್ಲಿ ನಿಂತುಬಿಟ್ಟರೆ ನಮಗೆ ಯಾರು ಗತಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಲ್ಬು ಬದಲಾಯಿಸಬೇಡ, ಕೇಬಲ್ ನಡಿ

ಔಟ್‌ಡೋರ್ ಯೂನಿಟ್ಟುಗಳಲ್ಲಿ ಲೈಟ್ ಕೆಲಸ ಮಾಡಿ ವಯಸ್ಸಾದವರೊಬ್ಬರು ನನಗೆ ಬಹಳ ದಿನದ ಪರಿಚಯ. ನಾವೆಲ್ಲ ಯಜಮಾನ್ರು ಅಂತಲೇ ಕರೆಯೋದು. ತೆರೆಯ ಮೇಲೆ ನಿಮ್ಮ ಹೀರೋ ಮುಖ ಹೊಳೆಯುವುದು ಇಂಥವರ ಬೆವರಿನಿಂದ. ಟೈಟಲ್ ಕಾರ್ಡಿನಲ್ಲಿ ಇವರ ಹೆಸರು ಓದುವಷ್ಟರಲ್ಲಿ ಸರಿದುಹೋಗಿರುತ್ತೆ. ಗಾಂಧಿನಗರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನನ್ನ ಗೋಳು ಹೇಳಿಕೊಂಡೆ. ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟೇ:

"ನೋಡಪ್ಪ, ಸೆಟ್ಟಿನಲ್ಲಿ ಲೈಟು ಆರಿಹೋದರೆ ಹೊಸಬ ಏಣಿ ಹತ್ತಿ ಬಲ್ಬು ಬದಲಾಯಿಸ್ತಾನೆ. ಹಳಬ ಜನರೇಟರಿನಿಂದ ಕೇಬಲ್ ಹಿಡಕೊಂಡು ನಡೀತಾನೆ. ಎಲ್ಲೋ ಒಂದು ಕಡೆ ಟ್ರಾಲಿ ಚಕ್ರ ಹತ್ತಿರುತ್ತೆ. ನೀನು ಮೂರು ಬಲ್ಬು ಬದಲಾಯಿಸಿದ್ದೀಯ. ಕೇಬಲ್ ನಡೆದೆಯಾ?"

ಎದೆ ಧಸಕ್ ಅಂತು. ಹುಡುಗನೂ ಇದನ್ನೇ ಅಲ್ಲವೇ ಹೇಳಿದ್ದು!

ಮರುದಿನ ಎಸ್.ಪಿ. ರಸ್ತೆಯಲ್ಲಿ 350 ರೂಪಾಯಿಯ ಮಲ್ಟಿಮೀಟರ್ ತಂದೆ. ಯಜಮಾನ್ರು ಬಂದರು. ತೆಗೆದುಹಾಕಿದ್ದ ಮೂರು ಹಳೇ ಸೆನ್ಸರ್‌ಗಳೂ ಡ್ಯಾಶ್‌ಬೋರ್ಡಿನ ಡಬ್ಬದಲ್ಲೇ ಇದ್ದವು. ಮೊದಲು ಅವನ್ನು ಅಳೆದರು. ಒಳಗಿನ ಸುರುಳಿ ಕಿತ್ತಿದ್ದರೆ ಮೀಟರ್ ಏನೂ ತೋರಿಸಬಾರದು. ತೋರಿಸಿದ್ದು 860 ಓಮ್, 870, 875. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿ ಮುಳುಗಿಸಿ ಮತ್ತೆ ಅಳೆದರು. ಸಾವಿರದ ಆಸುಪಾಸಿಗೆ ಏರಿತು. "ತಾಮ್ರ ಕಾದರೆ ಅಷ್ಟು ಏರಲೇಬೇಕು. ಮೂರೂ ಸರಿಯಾಗಿವೆ" ಅಂದರು. ಮೂರೂ ನಿರಪರಾಧಿಗಳು! ಗಾಡಿಯ ಜೊತೆ ಬಂದಿದ್ದ ಮೊದಲನೆಯದೂ ಸೇರಿ!

ಆಮೇಲೆ ಬ್ಯಾಟರಿ ಕಳಚಿದರು. ಸೆನ್ಸರ್ ಕಡೆಯ ಪ್ಲಗ್ಗೂ ತೆಗೆದರು, ಕಂಪ್ಯೂಟರ್ ಕಡೆಯ ಪ್ಲಗ್ಗೂ ತೆಗೆದರು. ಈಗ ನಡುವೆ ಇರುವುದು ಬರೀ ತಂತಿ. ಮೀಟರಿನ ಒಂದು ಕಡ್ಡಿ ಆ ತಂತಿಗೆ, ಇನ್ನೊಂದು ಗಾಡಿಯ ಬಾಡಿಗೆ. ತಂತಿ ಬಾಡಿಗೆ ಮುಟ್ಟಿದ್ದರೆ ಮೀಟರ್ ಕೂಗಬೇಕು. ಕೂಗಲಿಲ್ಲ. ಅಲ್ಲಾಡಿಸಿದೆವು, ಎಳೆದೆವು. ಇಲ್ಲ. ನನಗೆ ಮತ್ತೆ ನಿರಾಶೆ.

ಯಜಮಾನ್ರು ಗಡ್ಡ ಕೆರೆದುಕೊಂಡರು. "ಹುಡುಗ ಏನಂದ? ಏರು ಹತ್ತುವಾಗ ಅಂದನಲ್ಲವಾ? ಏರು ಹತ್ತುವಾಗ ಎಂಜಿನ್ ತನ್ನ ರಬ್ಬರಿನ ಮೇಲೆ ಒಂದು ಕಡೆಗೆ ವಾಲುತ್ತೆ. ಇಲ್ಲಿ ನಿಂತಿರುವಾಗ ನೆಟ್ಟಗೆ ಕೂತಿದೆ. ಅದನ್ನು ವಾಲಿಸಬೇಕು. ಗಾಡಿ ಫಸ್ಟ್ ಗೇರಿಗೆ ಹಾಕು."

ಎಂಜಿನ್ ಬಂದ್ ಇರುವಾಗ ಗೇರಿನಲ್ಲಿಟ್ಟು ತಳ್ಳಿದರೆ ಗಾಡಿ ಹೋಗುವುದಿಲ್ಲ, ಎಂಜಿನ್ ಮಾತ್ರ ಜಗ್ಗುತ್ತೆ. ಪಕ್ಕದ ಅಂಗಡಿಯ ಇಬ್ಬರನ್ನು ಕರೆದೆ. ಮುಂದಕ್ಕೆ ತಳ್ಳಿದೆವು. ಮೀಟರ್ ಸುಮ್ಮನಿತ್ತು. ಹಿಂದಕ್ಕೆ ತಳ್ಳಿದೆವು. ಏರಿನಲ್ಲಿ ವಾಲುವ ಕಡೆಗೇ ಎಂಜಿನ್ ವಾಲಿತು...

ಕೀಂ!

ಬಿಟ್ಟರೆ ಸುಮ್ಮನೆ. ಮತ್ತೆ ತಳ್ಳಿದರೆ ಕೀಂ! ಥಿಯೇಟರಿನಲ್ಲಿ ಎಷ್ಟೋ ಕ್ಲೈಮ್ಯಾಕ್ಸಿಗೆ ಶಿಳ್ಳೆ ಹೊಡೆದಿದ್ದೇನೆ. ಆ ಒಂದು ಸದ್ದಿಗೆ ಹೊಡೆದಂಥ ಶಿಳ್ಳೆ ಇನ್ನೊಂದಿಲ್ಲ.

ಗಾಡಿಯ ಕೆಳಗೆ ಟಾರ್ಚ್ ಹಿಡಿದು ನುಗ್ಗಿದೆ. ಗೇರ್‌ಬಾಕ್ಸಿನ ಪಕ್ಕ ಒಂದು ಕಬ್ಬಿಣದ ಪಟ್ಟಿ. ತಂತಿಯ ಕಟ್ಟು ಅದರಿಂದ ದೂರ ಇರಲಿ ಅಂತ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಅಲ್ಲಿ ಇರಲೇ ಇಲ್ಲ. ಪಟ್ಟಿಯ ಅಂಚು ಉಜ್ಜಿ ಉಜ್ಜಿ ಮೇಲಿನ ಕವಚ ಸವೆದು, ಒಳಗಿನ ತಾಮ್ರ ಒಂದು ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು. ಎಂಜಿನ್ ವಾಲಿದಾಗ ಆ ಸಾಸಿವೆ ಪಟ್ಟಿಗೆ ಮುಟ್ಟುತ್ತೆ, ಮಿಡಿತವೆಲ್ಲ ಬಾಡಿಗೆ ಹೋಗುತ್ತೆ, ಗಾಡಿ ಸಾಯುತ್ತೆ. ನಿಂತ ಮೇಲೆ ಎಂಜಿನ್ ನೆಟ್ಟಗಾಗುತ್ತೆ, ತಂತಿ ಬಿಡುತ್ತೆ, ಗಾಡಿಗೆ ಜೀವ ಬರುತ್ತೆ. ನಾವು ಮಾತ್ರ "ತಣ್ಣಗಾಯಿತು, ಸರಿಹೋಯಿತು" ಅಂದುಕೊಂಡು ಮೋಸ ಹೋದೆವು. ಹೊಸ ಸೆನ್ಸರ್ ಹಾಕಿದಾಗಲೆಲ್ಲ ಕೆಲವು ದಿನ ಚೆನ್ನಾಗಿರುತ್ತಿತ್ತಲ್ಲ, ಅದೂ ಮೋಸವೇ. ಹಾಕುವಾಗ ಕೈ ತಾಗಿ ತಂತಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತಿತ್ತು. ಓಡುತ್ತಾ ಓಡುತ್ತಾ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು.

ಪಿ 0335 ಅಂದರೆ "ಸೆನ್ಸರ್ ಬದಲಾಯಿಸಿ" ಅಂತಲ್ಲ ಮಿತ್ರರೇ. ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ ಅಂತ. ಸರ್ಕ್ಯೂಟು ಅಂದರೆ ಸೆನ್ಸರ್, ತಂತಿ, ಪ್ಲಗ್ಗು, ಕಂಪ್ಯೂಟರು ಎಲ್ಲ ಸೇರಿ. ಸ್ಕ್ಯಾನರ್ ಬೀದಿಯ ಹೆಸರು ಹೇಳಿತ್ತು. ನಾವು ಕಣ್ಣಿಗೆ ಬಿದ್ದ ಮೊದಲನೇ ಮನೆಯ ಬಾಗಿಲು ಒಡೆದೆವು.

ತಂತಿಗೆ ಬೆಸುಗೆ, ಮೇಲೆ ಬಿಸಿಗೆ ಕುಗ್ಗುವ ತೋಳು, ಹೊಸ ಕ್ಲಿಪ್ಪು. ಒಟ್ಟು ಖರ್ಚು 40 ರೂಪಾಯಿ!

ಕ್ಲಿಪ್ ಎಲ್ಲಿ ಹೋಗಿತ್ತು?

ಇಲ್ಲಿಗೆ ಶುಭಂ ಅಂತ ಹಾಕಬಹುದಿತ್ತು. ಆದರೆ ಗಾಡಿಯ ಕೆಳಗೆ ಮಲಗಿದ್ದಾಗಲೇ ನನಗೊಂದು ನೆನಪು ಬಂದು ಮೈ ಬೆವರಿತ್ತು.

2017ರ ಜನವರಿಯಲ್ಲಿ ಇದೇ ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಮರುದಿನ ಬೆಳಿಗ್ಗೆ ನಾಲ್ಕು ಗಂಟೆಗೆ ನಾಯಕಿಯನ್ನು ಕರೆತರಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಗೇರ್‌ಬಾಕ್ಸ್ ಕೂರಿಸಿದ ಹುಡುಗ ಕೆಳಗಿನಿಂದಲೇ ಕೂಗಿ ಹೇಳಿದ್ದ: "ಅಣ್ಣಾರ, ಇಲ್ಲೊಂದು ಕ್ಲಿಪ್ ಮುರದೈತಿ. ಅಂಗಡಿ ಬಂದ್ ಆಗ್ಯಾವ. ನಾಳಿ ತಂದ್ ಹಾಕ್ತೀನಿ, ಗಾಡಿ ಬಿಡ್ರಿ."

ನಾನು ಏನಂದೆ ಗೊತ್ತೇ? "ಬಿಡೋ ಅತ್ಲಾಗೆ, ಒಂದು ಕ್ಲಿಪ್ಪಿನಿಂದ ಗಾಡಿ ನಿಲ್ಲುತ್ತಾ?"

ಚಿಕ್ಕಂದಿನಲ್ಲಿ ಅಣ್ಣಾವ್ರ ಸಿ.ಐ.ಡಿ. 999 ಚಿತ್ರ "ಜೇಡರ ಬಲೆ" ನೋಡಿ ಪತ್ತೇದಾರ ಆಗಬೇಕು ಅಂತ ಕನಸು ಕಂಡವನು ನಾನು. 1968ರ ಆ ಚಿತ್ರ ಊರ ಟೆಂಟಿಗೆ ಬಂದಾಗಲೆಲ್ಲ ನೋಡಿದ್ದೇನೆ. ಆದರೆ ನನ್ನದೇ ಕೇಸಿನಲ್ಲಿ ಅಪರಾಧಿಯನ್ನು ಊರೆಲ್ಲ ಹುಡುಕಿದೆ, ಅವನು ಸ್ಟೇರಿಂಗ್ ಹಿಡಿದು ಕೂತಿದ್ದ.

ಮೇಸ್ತ್ರಿಯನ್ನು ಕೇಳಿ ಹುಡುಗ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿದ್ದಾನೆ ಅಂತ ತಿಳಿದುಕೊಂಡೆ. ಫೋನ್ ನಂಬರೂ ಕೊಟ್ಟರು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಜುಲೈ ತಿಂಗಳಲ್ಲಿ ಒಂದು ದಿನ ಬಾಡಿಗೆ ಬಿಟ್ಟು ಹೊರಟೆ. ಸುಮಾರು 400 ಕಿಲೋಮೀಟರ್ ದಾರಿ. ದಾವಣಗೆರೆಗೆ ಮುಂಚೆ ಆನಗೋಡು ಬರುತ್ತೆ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡದ್ದು ಅಲ್ಲೇ, ಬರೀ 35ನೇ ವಯಸ್ಸಿಗೆ. ಡ್ರೈವರುಗಳಾದ ನಮಗೆ ಆ ಜಾಗ ದಾಟುವಾಗ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಏಳುತ್ತೆ. ಹುಡುಗ ಗೋಡೆಯಿಂದ ಬಿಡಿಸಿಕೊಂಡ ಫೋಟೋ ನೆನಪಾಯಿತು. ಗಾಡಿ ಪಕ್ಕಕ್ಕೆ ಹಾಕಿ ಒಂದು ನಿಮಿಷ ಕೂತೆ.

ಹುಬ್ಬಳ್ಳಿ ಸೇರಿದಾಗ ಮಧ್ಯಾಹ್ನ. ಅವನು ಒಂದು ಟೆಂಪೋ ಕೆಳಗಿದ್ದ. ನನ್ನನ್ನು ಕಂಡು ಎದ್ದು ನಿಂತ, ಕೈ ಒರೆಸಿಕೊಂಡ. ನಾನು ದಾರಿಯುದ್ದಕ್ಕೂ ಡೈಲಾಗ್ ಕಂಠಪಾಠ ಮಾಡಿದ್ದೆ. ಒಂದೂ ಬರಲಿಲ್ಲ.

"ತಪ್ಪಾಯ್ತು ತಮ್ಮಾ. ತಂತಿಯೇ. ಕ್ಲಿಪ್ ಇಲ್ಲದೆ ಉಜ್ಜಿತ್ತು. ಬಿಡು ಅಂದವನು ನಾನೇ" ಅಂದೆ.

ಸಿನಿಮಾದಲ್ಲಿ ಆದರೆ ಅಪ್ಪಿಕೊಳ್ಳುತ್ತಿದ್ದ, ಹಿನ್ನೆಲೆ ಸಂಗೀತ ಬರುತ್ತಿತ್ತು. ಇಲ್ಲಿ ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಕೇಳಿದ, "ಹೊಸ ಕ್ಲಿಪ್ ಹಾಕ್ಸೀರೇನ್ರಿ?"

"ಹಾಕ್ಸಿದ್ದೀನಿ."

ಟಾರ್ಚ್ ತಗೊಂಡು ನನ್ನ ಗಾಡಿಯ ಕೆಳಗೆ ತೂರಿದ. ಎರಡು ನಿಮಿಷ ಬಿಟ್ಟು ಬಂದು, "ಚೊಲೋ ಕೂತೈತ್ರಿ" ಅಂದ.

ಕವರಿನಲ್ಲಿ ಹತ್ತು ಸಾವಿರ ಇಟ್ಟಿದ್ದೆ. ಅವನು ಕೂತು 3,400 ಎಣಿಸಿಕೊಂಡ, ಉಳಿದದ್ದು ನನ್ನ ಕೈಗೇ ಹಾಕಿದ. "ಇಷ್ಟ ನಂದ್ರಿ ಅಣ್ಣಾರ." ಎಷ್ಟು ಹೇಳಿದರೂ ಒಂದು ನೋಟು ಹೆಚ್ಚು ಮುಟ್ಟಲಿಲ್ಲ. ಬೆಂಗಳೂರಿಗೆ ಬಾ ಅಂದೆ. ಬರಲ್ಲ ಅಂತ ತಲೆಯಾಡಿಸಿದ. ಟೀ ಮಾತ್ರ ಕುಡಿಸಿ ಕಳಿಸಿದ. ಗ್ಯಾರೇಜಿನ ಗೋಡೆಯ ಮೇಲೆ ಅದೇ ಫೋಟೋ ಇತ್ತು, ಒಂದು ಮೂಲೆ ಹರಿದಿತ್ತು.

ಆಮೇಲೆ ಆರು ವರ್ಷ ಆ ಕಾರು ಓಡಿಸಿದೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ಎಲ್ಲ ಹತ್ತಿಳಿಯಿತು. ಸೂಜಿ ಇನ್ನೊಂದು ಸಲ ಬೀಳಲಿಲ್ಲ. ಬಳೆ ಬಿಡಿಸಿದೆ. 2023ರಲ್ಲಿ ಕಾರು ಮಾರಿದೆ. ಆ ಮೂರು ಸೆನ್ಸರ್ ಮಾತ್ರ ಮಾರಲಿಲ್ಲ, ಈಗಿನ ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿವೆ. ಯಾರ ಮೇಲಾದರೂ ಸಿಟ್ಟು ಬಂದು ಬಾಯಿ ತೆರೆಯುವ ಮುಂಚೆ ಆ ಡಬ್ಬ ತೆಗೆದು ಒಂದು ಸಲ ನೋಡ್ತೀನಿ.